ತಲೆನೋವು ಮತ್ತು ಹಸಿ ಹೊಗೆಸೊಪ್ಪು

ಪಿರಿಯಾಪಟ್ಟಣದ ಓದುಗರೊಬ್ಬರು ಕೇಳಿದ್ದಾರೆ: ತಲೆನೋವಿಗೂ ನರರೋಗ ತಜ್ಞರ ಹತ್ತಿರ ಹೋಗಬೇಕೇ, ಒಂದು ಸ್ಕ್ಯಾನ್ ಮಾಡಿಸಿದರೆ ಸಾಲದೇ?

ಬಹುತೇಕರಿಗೆ ಸಾಲದು. ಮೈಗ್ರೇನ್ ಎಂಆರ್‌ಐ ಚಿತ್ರದಲ್ಲಿ ಕಾಣಿಸಿಕೊಳ್ಳುವ ಕಾಯಿಲೆಯಲ್ಲ, ಅದು ಸಿಕ್ಕಿಬೀಳುವುದು ರೋಗಿಯ ಮಾತಿನಲ್ಲಿ. ಎಂಬಿಬಿಎಸ್ ಮುಗಿಸಿ 3 ವರ್ಷ ಎಂಡಿ, ಮತ್ತೆ 3 ವರ್ಷ ಡಿಎಂ ಓದಿದವರು ನರರೋಗ ತಜ್ಞರಾಗುತ್ತಾರೆ. ಅವರಲ್ಲಿ ಕೆಲವರು ತಲೆನೋವಿನಲ್ಲೇ ಪಳಗುತ್ತಾರೆ. ಇಷ್ಟೆಲ್ಲ ಓದಿದವರೂ ಕೊನೆಗೆ ನೆಚ್ಚಿಕೊಳ್ಳುವುದು ಸರಿಯಾದ ಪ್ರಶ್ನೆಗಳನ್ನು. ನೋವು ಒಂದೇ ಕಡೆಯೋ? ಮಿಡಿಯುತ್ತದೆಯೋ? 4ರಿಂದ 72 ಗಂಟೆ ಇರುತ್ತದೆಯೋ? ಬೆಳಕು, ಸದ್ದು ಸಹಿಸಲಾಗದೋ? ಈ ಪಟ್ಟಿಗೆ 1988ರಲ್ಲಿ ಅಂತರರಾಷ್ಟ್ರೀಯ ರೂಪ ಬಂತು. ಈಗ ಬಳಕೆಯಲ್ಲಿರುವುದು 2018ರ ಮೂರನೆಯ ಆವೃತ್ತಿ.

ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ ತಜ್ಞರು ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಅದರಂತೆ, ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಅನುಭವಿಸಿದವರು ಶೇ. 63.9, ಮೈಗ್ರೇನ್ ಇದ್ದವರು ಶೇ. 25.2. ಇಷ್ಟು ಜನರನ್ನು ಸ್ಕ್ಯಾನ್ ಯಂತ್ರದೊಳಗೆ ತೂರಿಸಲು ಯಾವ ಸರ್ಕಾರಕ್ಕೂ ಆಗದು, ತೂರಿಸಿದರೂ ಹೆಚ್ಚೇನೂ ದಕ್ಕದು.

ಆದರೆ ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಡಾಕ್ಟರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ‘ಏನ್ ಕೆಲ್ಸ ಮಾಡ್ತೀಯವ್ವಾ?’ ಮಳೆಗಾಲದಲ್ಲಾದರೆ ಉತ್ತರ ಹೀಗಿದ್ದೀತು: ‘ಸೊಪ್ಪು ಮುರಿಯಕ್ಕೆ ಹೋಯ್ತೀನಿ ಸಾ.’

ಈ ಪ್ರಶ್ನೆಯ ಹಿಂದೆ ದೊಡ್ಡ ಚರಿತ್ರೆಯೇ ಇದೆ. ರೋಗಿಯ ಕಸುಬನ್ನು ತಪ್ಪದೆ ಕೇಳಿ ಎಂದು ವೈದ್ಯರಿಗೆ ಹೇಳಿಕೊಟ್ಟವನು ಇಟಲಿಯ ಬರ್ನಾರ್ಡಿನೊ ರಾಮಝೀನಿ. ಕಸುಬುದಾರರ ಕಾಯಿಲೆಗಳ ಬಗ್ಗೆ ಅವನು ಬರೆದ ಪುಸ್ತಕ 1700ರಲ್ಲಿ ಬಂತು. ತಂಬಾಕು ಪುಡಿ ಮಾಡುವವರಿಗೆ ತಲೆನೋವು, ತಲೆಸುತ್ತು, ಓಕರಿಕೆ ಬರುತ್ತದೆಂದು ಅದರಲ್ಲೇ ಬರೆದಿದ್ದಾನೆ. ನಿಕೋಟಿನನ್ನು ಎಲೆಯಿಂದ ಬೇರ್ಪಡಿಸಿದ್ದು ಆಮೇಲೆ, 1828ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ. ಹೊಲದಲ್ಲಿ ಹಸಿ ಎಲೆ ಮುರಿಯುವವರ ಕಾಯಿಲೆಯನ್ನು ಅಮೆರಿಕದ ನಾರ್ತ್ ಕರೋಲಿನಾದಲ್ಲಿ ಸ್ಟೀಫನ್ ಗೆಲ್‌ಬಾಕ್ ಮತ್ತು ಸಂಗಡಿಗರು 1974ರಲ್ಲಿ ವಿವರವಾಗಿ ದಾಖಲಿಸಿದರು. ಅದಕ್ಕೆ ‘ಹಸಿ ತಂಬಾಕು ಬೇನೆ’ ಎನ್ನಬಹುದು.

ಅದು ಬರುವ ಬಗೆ ನೋಡಿ. ಬುಡದ ಎಲೆಗಳಿಂದ ಶುರುಮಾಡಿ, ಮುರಿದದ್ದನ್ನು ಕಂಕುಳಲ್ಲಿ ಅವುಚಿಕೊಂಡು ಸಾಲು ದಾಟುತ್ತಾರೆ. ಎಲೆ ಮೇಲೆ ಇಬ್ಬನಿಯೋ ಮಳೆಹನಿಯೋ ಇದ್ದರೆ ನಿಕೋಟಿನ್ ಅದರಲ್ಲಿ ಕರಗುತ್ತದೆ. 100 ಮಿಲಿ ಇಬ್ಬನಿ ನೀರಿನಲ್ಲಿ 9 ಮಿಲಿಗ್ರಾಂವರೆಗೂ ಸಿಕ್ಕಿದ್ದುಂಟು. ಬೀಡಿ, ಸಿಗರೇಟು ಬಿಡುವವರಿಗೆಂದು ಔಷಧದಂಗಡಿಯಲ್ಲಿ ನಿಕೋಟಿನ್ ಪಟ್ಟಿ ಮಾರುತ್ತಾರಲ್ಲ, ಮೈಗೆ ಅಂಟಿದ ಒದ್ದೆ ರವಿಕೆ ಅಂಥದ್ದೇ ಕೆಲಸ ಮಾಡುತ್ತದೆ. ಪಟ್ಟಿಯಲ್ಲಿ ದಿನಕ್ಕೆ ಇಷ್ಟೇ ಎಂಬ ಅಳತೆ ಇರುತ್ತದೆ, ದೊಡ್ಡ ಪಟ್ಟಿಗೆ 21 ಮಿಲಿಗ್ರಾಂ. ಒದ್ದೆ ಬಟ್ಟೆಗೆ ಅಳತೆಯೂ ಇಲ್ಲ, ಎಚ್ಚರಿಕೆಯ ಚೀಟಿಯೂ ಇಲ್ಲ. ಬೀಡಿ ಸೇದದ, ಎಲೆಅಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳದ ಮೈಗೆ ನಿಕೋಟಿನ್ ಹೊಸದು. ಹಾಗಾಗಿ ಅಂಥವರಿಗೇ ಬಾಧೆ ಜಾಸ್ತಿ.

ಕೆಲಸ ಮುಗಿಸಿ ಎಷ್ಟೋ ಗಂಟೆಗಳಾದ ಮೇಲೆ ತಲೆನೋವು, ವಾಂತಿ ಶುರುವಾಗಬಹುದು. ಹೀಗಾಗಿ ರಾತ್ರಿಯ ಊಟದ ಮೇಲೋ ಬಿಸಿಲಿನ ಮೇಲೋ ಅನುಮಾನ. ವಾಂತಿಯಿರುವುದರಿಂದ ಮೈಗ್ರೇನ್ ಎನಿಸಬಹುದು, ಕೀಟನಾಶಕದ ವಿಷವೆಂದೂ ಎನಿಸಬಹುದು. ಎರಡಕ್ಕೂ ಚಿಕಿತ್ಸೆ ಬೇರೆ. ಹಸಿ ತಂಬಾಕಿನ ಬಾಧೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಮತ್ತೆ ಒದ್ದೆ ಸೊಪ್ಪಿಗೆ ಕೈಹಾಕಿದರೆ ಮರುಕಳಿಸುತ್ತದೆ. ಸೊಪ್ಪು ಹದಮಾಡುವ ಬ್ಯಾರನ್ನಿನ ಹತ್ತಿರ ಮಾತ್ರ ತಲೆ ಸಿಡಿಯುತ್ತಿದ್ದರೆ ಸೌದೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಕಡೆಗೂ ಗಮನ ಹೋಗಬೇಕು.

ಹಾಗೆಂದು ಸ್ಕ್ಯಾನ್ ಬೇಡವೇ ಬೇಡ ಎಂದಲ್ಲ. ಸಿಡಿಲೆರಗಿದಂತೆ ಏಕಾಏಕಿ ಬಂದ ನೋವು, ಜ್ವರದೊಡನೆ ಕತ್ತು ಬಿಗಿತ, ಕೈಕಾಲು ಸೋಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ, ಎಲೆಯ ಮೇಲಿನ ನೀರು ಆರಿದ ಮೇಲೆ ಮುರಿಯುವುದು, ಕೈಗವಸು ಮತ್ತು ಮಳೆಯಂಗಿ ತೊಡುವುದು, ಒದ್ದೆ ಬಟ್ಟೆ ಬದಲಿಸಿ ಸೋಪು ಹಚ್ಚಿ ತೊಳೆದುಕೊಳ್ಳುವುದು. ಡಾಕ್ಟರ ಹತ್ತಿರ ಹೋಗುವಾಗ ನೋವು ಬಂದ ದಿನಗಳ ಜೊತೆ ಸೊಪ್ಪು ಮುರಿದ ದಿನಗಳನ್ನೂ ಬರೆದುಕೊಂಡು ಹೋಗಿ. ಅವರು ಕೆಲಸದ ವಿಚಾರ ಕೇಳದಿದ್ದರೆ ನೀವೇ ಹೇಳಿ.