ಶುಕ್ತಿಯ ಕ್ರಯವೂ ಸಾತ್ಮ್ಯವೂ

ಕನ್ನಡದಲ್ಲಿ ಚಿಪ್ಪು ಎಂಬ ಮಾತು ಮನೆಗೆ ಸಂದಿದೆಯೇ ಹೊರತು ಮನೆಯೊಳಗಿನ ಜೀವಿಗೆ ಸಂದಿಲ್ಲ. ಕಪ್ಪೆಚಿಪ್ಪೆಂದೊಡನೆ ದಂಡೆಯ ಮೇಲೆ ಬಿದ್ದಿರುವ ಬರಿಯ ಓಡು ಕಣ್ಣಿಗೆ ಕಟ್ಟುವುದು. ಅದರೊಳಗೆ ಉಂಡು ಉಸಿರಾಡಿ ಬೆಳೆದ ಪ್ರಾಣಿಯೊಂದಿತ್ತೆಂಬುದು ನೆನಪಿಗೆ ಬಾರದು. ಸಂಸ್ಕೃತದ ಶುಕ್ತಿಶಬ್ದದ ಗತಿಯೂ ಬಹುಮಟ್ಟಿಗೆ ಇದೇ. ಅಮರಸಿಂಹನು ಅದಕ್ಕೆ ಮುಕ್ತಾಸ್ಫೋಟವೆಂಬ ಪರ್ಯಾಯವನ್ನು ಕೊಟ್ಟು ದೃಷ್ಟಿಯನ್ನು ಮುತ್ತಿನ ಕಡೆಗೆ ತಿರುಗಿಸಿದನು. ವೇದಾಂತಿಗಳು ಶುಕ್ತಿರಜತದ ದೃಷ್ಟಾಂತಕ್ಕಾಗಿ ಬೆಳ್ಳಿಯ ಕಡೆಗೆ ತಿರುಗಿಸಿದರು. ಕವಿಗಳು ಸ್ವಾತಿಯ ಹನಿಯನ್ನು ಅದರ ಬಾಯಲ್ಲಿ ಬೀಳಿಸಿ ಕೃತಾರ್ಥರಾದರು. ಕರಾವಳಿಯ ಜನರು ಮಾತ್ರ ಜೀವಿಗೇ ಹೆಸರಿಟ್ಟಿದ್ದಾರೆ. ಅಘನಾಶಿನಿಯ ಅಳಿವೆಯಲ್ಲಿ ಅದು ಬಳಚು, ತುಳುವರಲ್ಲಿ ಮರುವಾಯಿ, ಕೊಂಕಣಿಗರಲ್ಲಿ ತಿಸ್ರ್ಯೊ. ಪ್ರಾಣಿಯನ್ನು ಪ್ರಾಣಿಯೆಂದು ಗುರುತಿಸಿದವರು ಅದನ್ನು ತಿನ್ನುವವರೇ ಎಂಬುದು ವಿಚಿತ್ರವಾದರೂ ದಿಟ.

ಈಚೆಗೆ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ ಹವಳದ ದಿಬ್ಬವನ್ನೇ ಮನೆಯಲ್ಲಿ ನಿಲ್ಲಿಸುವ ವಿನೋದವು ಹಲವು ದೇಶಗಳಲ್ಲಿ ಹಬ್ಬಿದೆ. ಅದರಲ್ಲಿ ಎಲ್ಲರ ಕಣ್ಣೂ ಬೀಳುವುದು ತ್ರಿದಕ್ನಾ ಎಂಬ ಮಹಾಶುಕ್ತಿಯ ಮೇಲೆ. ಈ ಹೆಸರು ಗ್ರೀಕರದು; ಮೂರು ಸಲ ಕಚ್ಚಿದರಲ್ಲದೆ ಮುಗಿಯದ ತುತ್ತು ಎಂದು ಅರ್ಥ. ರೋಮದ ಪ್ಲಿನಿಯು ಹಿಂದೂ ಮಹಾಸಾಗರದ ದೊಡ್ಡ ಚಿಪ್ಪುಗಳ ಪ್ರಸ್ತಾಪದಲ್ಲಿಯೇ ಈ ಹೆಸರನ್ನು ವಿವರಿಸಿರುವನು. ಇದರ ಅತಿ ದೊಡ್ಡ ಜಾತಿಯು 1 ಮೀಟರಿಗೂ ಹೆಚ್ಚು ಉದ್ದವಾಗಿ 200 ಕಿಲೋಗ್ರಾಂ ಮೀರಿ ತೂಗುವುದು. ಚಿಪ್ಪಿನ ಅಂಚಿನಿಂದ ಹೊರಚೆಲ್ಲುವ ನೀಲಿ ಹಸುರು ಬಣ್ಣದ ಮಾಂಸಲವಾದ ಹೊದಿಕೆಯೇ ಇದರ ಸೊಬಗು. ಆ ಹೊದಿಕೆಯೊಳಗೆ ಕಣ್ಣಿಗೆ ಕಾಣದ ಪಾಚಿಯು ನೆಲಸಿ, ಬೆಳಕಿನಿಂದ ಸಕ್ಕರೆಯನ್ನು ಸಿದ್ಧಪಡಿಸಿ ತನ್ನ ಆಶ್ರಯದಾತನಿಗೆ ಉಣಿಸುತ್ತದೆ. ಶುಕ್ತಿಯು ಪಾಚಿಗೆ ವಾಸವನ್ನೂ ತನ್ನ ವಿಸರ್ಜನೆಯ ಸಾರವನ್ನೂ ಕೊಡುತ್ತದೆ.

ಬೆಳಗಾವಿಯ ರವಿವಾರ ಪೇಟೆಯ ಗೃಹಸ್ಥನೊಬ್ಬನಿಗೆ ಇಂಥದೊಂದನ್ನು ಮನೆಯಲ್ಲಿರಿಸುವ ಆಸೆ ಹುಟ್ಟಿತೆನ್ನೋಣ. ಅವನಿಗೆ ಮೊದಲು ಅಡ್ಡ ನಿಲ್ಲುವುದು ಶಾಸನ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಹವಳಗಳೊಡನೆ ತ್ರಿದಕ್ನೆಯ ಎರಡು ಜಾತಿಗಳೂ ಅವುಗಳ ದಾಯಾದಿಯಾದ ಹಿಪ್ಪೋಪಸ್ ಎಂಬುದೂ ಸೇರಿದವು. ಲಕ್ಷದ್ವೀಪದ ತಿಳಿಗಡಲಿನಲ್ಲಿ ಬೆಳೆಯುವ ತ್ರಿದಕ್ನೆಯನ್ನು ಹಿಡಿಯುವುದೂ ಮಾರುವುದೂ ಕೊಳ್ಳುವುದೂ ದಂಡಾರ್ಹ. ಅಂಗಡಿಯವನು ಗುಟ್ಟಾಗಿ ತಂದುಕೊಡುವೆನೆಂದರೆ ಅದು ದಿಬ್ಬದಿಂದ ಕಿತ್ತ ಪ್ರಾಣಿಯೆಂದೇ ತಿಳಿಯತಕ್ಕದ್ದು.

ಶಾಸನವನ್ನು ಒತ್ತಟ್ಟಿಗಿಟ್ಟರೂ ಪೇಟೆಯ ಉಪ್ಪಿನಿಂದ ಕಡಲಾಗದು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಂಥಲ್ಲಿ ಸಮುದ್ರದ ನೀರು ಬತ್ತುವಾಗ ಮೊದಲು ಸುಣ್ಣದ ಅಂಶ, ಬಳಿಕ ಗಿಪ್ಸಂ ತಳಕ್ಕಿಳಿಯುತ್ತವೆ. ಅನಂತರ ಅಡಿಗೆಯ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಮ್ಮಿನ ಬಹುಭಾಗವು ಉಳಿದ ಕಹಿನೀರಿನಲ್ಲಿ ಹೋಗಿಬಿಡುತ್ತದೆ. ಹೀಗೆ ಕಿರಾಣಿ ಅಂಗಡಿಯ ಹರಳುಪ್ಪಿನಲ್ಲಿ ಕಡಲಿನ ಒಂದು ಅಂಶ ಮಾತ್ರ ಉಳಿದಿದೆ. ಚಿಪ್ಪನ್ನು ಕಟ್ಟಿಕೊಳ್ಳುವ ಜೀವಿಗೆ ಬೇಕಾದ ಸುಣ್ಣವೇ ಅದರಲ್ಲಿ ಇಲ್ಲದ ಮೇಲೆ ಆ ನೀರಿನಿಂದ ಏನು ಪ್ರಯೋಜನ?

ತ್ರಿದಕ್ನೆಯ ಸಮಸ್ತ ಕುಟುಂಬದ ಅಂತಾರಾಷ್ಟ್ರೀಯ ವ್ಯಾಪಾರವು 1985ರಿಂದ ಸೈಟಿಸ್ ಒಪ್ಪಂದದ ನಿಯಮಕ್ಕೆ ಒಳಪಟ್ಟಿದೆ. ಪಲಾವು ಮೊದಲಾದ ದ್ವೀಪಗಳಲ್ಲಿ ಮೊಟ್ಟೆಯಿಂದಲೇ ಸಾಕಿ ಬೆಳಸಿದ ಮರಿಗಳನ್ನು ಪರವಾನಗಿಯೊಡನೆ ಮಾರುವ ದೇಶಗಳುಂಟು. ಅಮೆರಿಕದಂಥ ದೇಶಗಳಲ್ಲಿ ನೆಲಸಿದ ಕನ್ನಡಿಗನು ಅಂಥದನ್ನು ಕೊಳ್ಳುವುದಾದರೆ ಪರೀಕ್ಷೆ ಹೀಗೆ: ಕೈಯ ನೆರಳು ಬಿದ್ದೊಡನೆ ಆರೋಗ್ಯವುಳ್ಳ ಶುಕ್ತಿಯು ಹೊದಿಕೆಯನ್ನು ಸೆಳೆದುಕೊಳ್ಳುವುದು, ಬಾಯಿ ಅಗಲವಾಗಿ ತೆರೆದೇ ಇದ್ದು ಹೊದಿಕೆ ಕುಗ್ಗಿದ್ದರೆ ಅದು ರೋಗಲಕ್ಷಣ. ಚಿಪ್ಪಿನ ಅಂಚಿನಲ್ಲಿ ಬೆಳ್ಳನೆಯ ಹೊಸ ಪಟ್ಟಿ ಕಂಡರೆ ಬೆಳೆಯುತ್ತಿದೆಯೆಂದು ತಿಳಿಯಬಹುದು. ಅಕ್ಕಿಕಾಳಿನಷ್ಟು ಚಿಕ್ಕ ಬಿಳಿಯ ಶಂಖದ ಹುಳುಗಳು ಅಂಟಿಕೊಂಡು ರಾತ್ರಿ ಅದರ ರಸವನ್ನು ಹೀರುವುದುಂಟು; ಅವನ್ನು ಹುಡುಕಿ ತೆಗೆಯಬೇಕು. ಬುಡದಿಂದ ಹೊರಡುವ ನಾರಿನ ಎಳೆಗಳು ಕಲ್ಲಿಗೆ ಅಂಟಿದ್ದರೆ ಎಳೆಯದೆ ಕತ್ತರಿಸಬೇಕು. ಎಳೆದರೆ ಎಳೆಗಳನ್ನು ನೂಲುವ ಗ್ರಂಥಿಯೇ ಹರಿದು ಪ್ರಾಣಿ ಸಾಯುವುದು. ಇನ್ನು ಬಣ್ಣದ ಮಾತು. ಅಂಗಡಿಯ ನೀಲಿ ದೀಪದಡಿಯಲ್ಲಿ ಸಾಧಾರಣವಾದುದೂ ರತ್ನದಂತೆ ಹೊಳೆಯುವುದು. ಶುಕ್ತಿಯಲ್ಲಿ ರಜತವನ್ನು ಕಂಡವನ ಭ್ರಮೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯಲಾರದು. ಬಿಳಿಯ ಬೆಳಕಿನಲ್ಲಿ ಒಮ್ಮೆ ನೋಡುವುದು ಕ್ಷೇಮ.

ಈ ವಿಷಯದ ಸಾರವಿರುವುದು ಮನೆಗೆ ತಂದ ಮೇಲಿನ ಕ್ರಮದಲ್ಲಿ. ಹೊಸ ನೀರಿಗೆ ಪ್ರಾಣಿಯನ್ನು ಹೊಂದಿಸುವ ಈ ಕ್ರಿಯೆಗೆ ಕನ್ನಡದಲ್ಲಿ ಹೊಸ ಶಬ್ದವನ್ನು ಟಂಕಿಸಬೇಕಾಗಿಲ್ಲ. ಅಭ್ಯಾಸದಿಂದ ದೇಹಕ್ಕೆ ಒಗ್ಗುವುದನ್ನು ಆಯುರ್ವೇದವು ಸಾತ್ಮ್ಯವೆಂದು ಕರೆದಿದೆ. ಅಹಿತವಾದ ರೂಢಿಯನ್ನು ಬಿಟ್ಟು ಹಿತವಾದುದನ್ನು ಹಿಡಿಯುವಾಗ ಒಮ್ಮೆಗೇ ಬದಲಿಸದೆ ಪಾದಾಂಶಕ್ರಮದಿಂದ ಬದಲಿಸಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ವಿಧಿಸುತ್ತದೆ. ವಾಗ್ಭಟನು ಪಾದ, ಇಲ್ಲವೆ ಪಾದದ ಪಾದ ಎಂದು ಎರಡು ಮಾರ್ಗಗಳನ್ನು ಹೇಳಿರುವನು. ಸಾಕುವವರು ಇಂದು ಅನುಸರಿಸುವ ರೀತಿಯು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ.

ಕಾರಣವನ್ನು ಮೊದಲು ನೋಡಬೇಕು. ಕಡಲ ಶುಕ್ತಿಯ ಒಡಲಿನ ದ್ರವವು ಹೊರಗಿನ ನೀರಿನಷ್ಟೇ ಸಾಂದ್ರವಾಗಿರುವುದು; ಅದನ್ನು ಬೇರೆಯಾಗಿ ಉಳಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಉಪ್ಪು ಕಡಿಮೆಯಾದ ನೀರಿಗೆ ಥಟ್ಟನೆ ಬಿದ್ದರೆ ಜೀವಕೋಶಗಳೊಳಕ್ಕೆ ನೀರು ನುಗ್ಗಿ ಅವು ಊದುವುವು. ಹೆಚ್ಚಾದ ನೀರಿಗೆ ಬಿದ್ದರೆ ಬತ್ತುವುವು. ಆದುದರಿಂದ ಚೀಲವನ್ನು ಮೊದಲು ತೊಟ್ಟಿಯಲ್ಲಿ ಕಾಲುಗಂಟೆ ತೇಲಿಸಿ ಉಷ್ಣತೆಯನ್ನು ಸಮಮಾಡಿ, ಬಳಿಕ ಪ್ರಾಣಿಯನ್ನು ಚೀಲದ ನೀರಿನೊಡನೆ ಪಾತ್ರೆಯಲ್ಲಿಟ್ಟು, ಸಣ್ಣ ಕೊಳವೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಬಿಡುವರು. ನೀರು ಎರಡರಷ್ಟಾದಾಗ ಅರ್ಧವನ್ನು ಚೆಲ್ಲಿ ಮತ್ತೆ ಎರಡರಷ್ಟಾಗುವವರೆಗೆ ಹನಿಸುವರು. ಮೊದಲ ಸಲ ಹಳೆಯ ನೀರು ಅರ್ಧ, ಎರಡನೆಯ ಸಲ ಪಾದ. ನಾಲ್ಕು ಸಲವಾದರೆ ಹದಿನಾರರಲ್ಲಿ ಒಂದು, ಎಂದರೆ ವಾಗ್ಭಟನ ಪಾದದ ಪಾದ. ಚೀಲದ ನೀರಿನಲ್ಲಿ ಸಾವಿರಕ್ಕೆ 30 ಪಾಲು ಉಪ್ಪಿದ್ದು ತೊಟ್ಟಿಯಲ್ಲಿ 35 ಇದ್ದರೆ, ಎರಡು ಆವರ್ತನೆಗಳಲ್ಲಿ 33.75ಕ್ಕೆ ಬರುವುದು, ನಾಲ್ಕರಲ್ಲಿ ಅಂತರವು ಮೂರನೆಯ ಒಂದು ಪಾಲಿಗೂ ಕಡಿಮೆಯಾಗುವುದು. ಹಾಗೆಂದು ದಿನವೆಲ್ಲ ಹನಿಸುತ್ತ ಕೂಡಲಾಗದು. ಪ್ರಾಣಿಯ ಮಲದಿಂದ ಹುಟ್ಟಿದ ಅಮೋನಿಯಾ ಆ ಅಲ್ಪ ಜಲದಲ್ಲಿಯೇ ಇದ್ದು ಹೊತ್ತು ಹೋದಂತೆ ವಿಷವಾಗುತ್ತದೆ. ಗಂಟೆಯೊಂದರ ಸುಮಾರಿಗೆ ಮುಗಿಸಿ, ಪಾತ್ರೆಯ ನೀರನ್ನು ತೊಟ್ಟಿಗೆ ಬೆರಸದೆ ಚೆಲ್ಲತಕ್ಕದ್ದು.

ನೀರಿಗೆ ಒಗ್ಗಿದ ಮಾತ್ರಕ್ಕೆ ಬೆಳಕಿಗೆ ಒಗ್ಗಿತೆಂದಲ್ಲ. ಪಯಣದ ಕತ್ತಲೆಯಿಂದ ಬಂದುದನ್ನು ಪ್ರಖರವಾದ ದೀಪದಡಿಯಲ್ಲಿಟ್ಟರೆ ಒಳಗಿನ ಪಾಚಿಯು ನಾಶವಾಗಿ ಹೊದಿಕೆ ಬಿಳಿಚುವುದು. ಮೊದಲು ತಳದಲ್ಲಿರಿಸಿ ಎರಡು ಮೂರು ವಾರಗಳಲ್ಲಿ ಬೆಳಕನ್ನು ಏರಿಸಬೇಕು. ತೊಟ್ಟಿಯು ಆರು ತಿಂಗಳಾದರೂ ಹಳೆಯದಾಗಿರಬೇಕು. ಉಷ್ಣತೆ 24ರಿಂದ 27 ಅಂಶ, ಸುಣ್ಣದ ಸಾರ ಲೀಟರಿಗೆ 400 ಮಿಲಿಗ್ರಾಂ ಮೇಲೆ. ಒಂದು ಶುಕ್ತಿ ಸತ್ತುದನ್ನು ಕಾಣದೆ ಬಿಟ್ಟರೆ ಅದು ಕೊಳೆತು ಇಡೀ ತೊಟ್ಟಿಯನ್ನು ಕೆಡಿಸುವುದು.

ರವಿವಾರ ಪೇಟೆಯ ಗೃಹಸ್ಥನಿಗೆ ಉಳಿದದ್ದು ಸಿಹಿನೀರಿನ ಶುಕ್ತಿ. ಅಮರನು ಶಂಬೂಕಕ್ಕೆ ಜಲಶುಕ್ತಿಯೆಂಬ ಪರ್ಯಾಯವನ್ನು ಕೊಟ್ಟಿರುವನು. ಲ್ಯಾಮೆಲಿಡೆನ್ಸ್ ಎಂದು ವಿಜ್ಞಾನಿಗಳು ಕರೆಯುವ ಕಪ್ಪುಚಿಪ್ಪಿನ ಇಂಥ ಜಾತಿಯು ನಮ್ಮ ದೇಶದ ಹೊಳೆಕೆರೆಗಳ ಕೆಸರಿನಲ್ಲಿ ಸಾಮಾನ್ಯ. ಇದರ ಒಡಲು ಕಡಲ ಶುಕ್ತಿಗೆ ವಿಪರೀತ: ರಕ್ತವು ಹೊರಗಿನ ನೀರಿಗಿಂತ ಸಾಂದ್ರವಾಗಿದ್ದು, ಒಳನುಗ್ಗುವ ನೀರನ್ನು ಅದು ಸದಾ ಹೊರಹಾಕುತ್ತಿರಬೇಕು. ರಾಕಸಕೊಪ್ಪದಿಂದಲೂ ಹಿಡಕಲ್ಲಿನಿಂದಲೂ ಬರುವ ನಗರದ ನಲ್ಲಿಯ ನೀರನ್ನು ಕ್ಲೋರಿನ್ ಕಳೆಯದೆ ಇದಕ್ಕೆ ಹಾಕಬಾರದು. ಪಾದಾಂಶದ ಕ್ರಮ ಇಲ್ಲಿಯೂ ಸಲ್ಲುವುದು. ಇದರ ಹೊದಿಕೆಯಲ್ಲಿ ಅಡಿಗೆ ಮಾಡಿ ಉಣಿಸುವ ಪಾಚಿಯಿಲ್ಲ. ನೀರಿನಲ್ಲಿ ತೇಲುವ ಹಸುರು ಕಣಗಳನ್ನೇ ಸೋಸಿ ತಿನ್ನಬೇಕು. ಆದುದರಿಂದ ಕನ್ನಡಿಯಂತೆ ತಿಳಿಯಾದ ತೊಟ್ಟಿಯಲ್ಲಿ ಅದು ಕೆಲವು ತಿಂಗಳು ಬದುಕಿರುವಂತೆ ತೋರಿ ಉಪವಾಸದಿಂದ ಸಾಯುತ್ತದೆ. ಬಿಸಿಲಿಗಿಟ್ಟು ಹಸುರಾದ ನೀರನ್ನು ದಿನವೂ ಬೆರಸುತ್ತಿದ್ದರೆ ಉಳಿದೀತು. ಸಂತತಿಯ ಮಾತು ಬೇರೆ: ಇದರ ಮರಿಗಳು ಕೆಲಕಾಲ ಮೀನಿನ ಕಿವಿರುಗಳಿಗೆ ಅಂಟಿಕೊಂಡು ಬೆಳೆಯತಕ್ಕವು, ತಕ್ಕ ಮೀನಿಲ್ಲದ ತೊಟ್ಟಿಯಲ್ಲಿ ಅವು ಹುಟ್ಟಿದರೂ ನಿಲ್ಲುವುದಿಲ್ಲ.