ಪಟ್ಟಣದ ಬಂದೂಕುಗಾರರು

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿದವರೆಲ್ಲ 1430ರಲ್ಲಿ ಎದ್ದುನಿಂತ ಆ ಕಟ್ಟಡವನ್ನು ಮನಸಾರೆ ಕೊಂಡಾಡುತ್ತಾರೆ. ಆದರೆ ಕಂಬವನ್ನು ಕಡೆದವನಾರು ಎಂದು ಕೇಳುವವರು ವಿರಳ. ಅರಸರ ಚರಿತ್ರೆಯನ್ನು ಬಾಯಿಪಾಠ ಮಾಡುವ ನಾವು ಕೈಕೆಲಸದವರ ಚರಿತ್ರೆಯನ್ನು ತಿಳಿಯುವ ಬಗೆ ಹೇಗೆ? ಟಿಪ್ಪು ಸುಲ್ತಾನನ ಬಂದೂಕುಗಳು ಇದಕ್ಕೊಂದು ದಾರಿಯನ್ನು ತೋರಿಸುತ್ತವೆ.

ಅಂದಿನ ಬಂದೂಕು ಚಕಮಕಿಯದು. ಕುದುರೆಯನ್ನೆಳೆದು ಬಿಟ್ಟರೆ ಅದರ ಬಾಯಲ್ಲಿರುವ ಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರುವುದು. ಕಿಡಿ ಬಟ್ಟಲಿನ ಮದ್ದಿಗೆ ತಗಲಿ ಗುಂಡು ಹೊರಡುವುದು. ಈ ಯಂತ್ರವನ್ನು ಯೂರೋಪಿನವರಿಗೆ ಸಮನಾಗಿ ಮಾಡಬಲ್ಲವರು ಶ್ರೀರಂಗಪಟ್ಟಣದಲ್ಲಿದ್ದರು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕಂಡು ಕುಶಲಕರ್ಮಿಗಳನ್ನು ಕೇಳಿದುದುಂಟು. ಆದರೆ ಉತ್ತಮವಾದ ಹಲವು ಬಂದೂಕುಗಳ ಮೇಲೆ ಕೊರೆದಿರುವ ಹೆಸರುಗಳು ಫ್ರೆಂಚರವಲ್ಲ. ಅಸದ್ ಖಾನ್ ಮುಹಮ್ಮದ್, ಸಯ್ಯದ್ ದಾವೂದ್ ಎಂಬಂಥವು ಅವು. ಊರಿನ ಹೆಸರು ‘ಪಟ್ಟಣ’ ಎಂದಿರುತ್ತದೆ.

ಬಂದೂಕನ್ನು ಓದುವುದಕ್ಕೂ ಅಭ್ಯಾಸ ಬೇಕು. ಟಿಪ್ಪು ಮೌಲೂದಿ ಎಂಬ ಹೊಸ ಶಕವನ್ನು ಜಾರಿಗೆ ತಂದಿದ್ದನು. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನರಿಯದವನು 1224ನ್ನು 4221 ಎಂದು ಓದಿ ಬೆಪ್ಪಾಗುವನು! ಮೌಲೂದಿ 1222 ಎಂದರೆ ಕ್ರಿಸ್ತಶಕ 1793-94. ಹುಲಿಯ ಪಟ್ಟೆಗಳು, ಹುಲಿಮುಖದ ಆಕಾರದಲ್ಲಿ ಹೆಣೆದ ಅಕ್ಷರಗಳು ಇವು ಸರ್ಕಾರದ ಕಾರ್ಖಾನೆಯ ಗುರುತುಗಳು. ಹೆಸರು, ಊರು, ಇಸವಿ, ಗುರುತು ಈ ನಾಲ್ಕನ್ನು ಅನೇಕ ಬಂದೂಕುಗಳಿಂದ ಕಲೆಹಾಕಿ ಜೋಡಿಸಿದರೆ ಒಬ್ಬ ಕೆಲಸಗಾರನ ವರ್ಷವರ್ಷದ ದುಡಿಮೆ ಕಣ್ಣಿಗೆ ಬೀಳುತ್ತದೆ.

ಅದೇ ಕಾಲದ ಅಮೆರಿಕದಲ್ಲಿ, ಪೆನ್ಸಿಲ್ವೇನಿಯಾದ ಬಂದೂಕುಗಾರರನ್ನು ಹುಡುಕುವವರಿಗೆ ಕಂದಾಯದ ಪಟ್ಟಿ, ಮರಣಶಾಸನ, ಇಗರ್ಜಿಯ ದಫ್ತರ ಇವೆಲ್ಲವೂ ನೆರವಾಗುತ್ತವೆ. ನಮ್ಮವರ ಪಾಲಿಗೆ ಬಂದೂಕೇ ದಫ್ತರ. ಅದೂ ನಮ್ಮಲ್ಲಿ ಉಳಿಯಲಿಲ್ಲ. 1799ರ ಮೇ 4ರಂದು ಕೋಟೆ ಬಿದ್ದು, ಸುಲ್ತಾನನ ಆಯುಧಗಳು ಲೂಟಿಯಾಗಿ ಇಂಗ್ಲೆಂಡಿಗೆ ಹೋದವು. ಅವುಗಳನ್ನು ಕೂಡಿಹಾಕಿ, ಅಭ್ಯಸಿಸಿ, 1992ರಲ್ಲಿ ಗ್ರಂಥವನ್ನು ಬರೆದವನು ರಾಬಿನ್ ವಿಗಿಂಗ್‌ಟನ್ ಎಂಬ ಇಂಗ್ಲಿಷನು. ನಮ್ಮ ನೆಲದ ಕಮ್ಮಾರರ ಹೆಸರನ್ನು ನಾವು ಪರದೇಶದವನ ಪುಸ್ತಕದಿಂದ ಕಲಿಯಬೇಕಾಯಿತು. ಇದು ಹೆಮ್ಮೆಯೂ ಹೌದು, ನಾಚಿಕೆಯೂ ಹೌದು.

ಆದರೂ ನೆಲದಲ್ಲಿ ಸಾಕ್ಷ್ಯವು ಮುಗಿದಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದನ್ನು ತೋಡಿದಾಗ ಆ ಕಾಲದ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ರಾಕೆಟ್ಟುಗಳು ದೊರೆತವು. ಅವುಗಳನ್ನು ಬಡಿದ ಕೈಗಳೂ ಇದ್ದವಷ್ಟೆ?

ವಿದ್ಯಾರ್ಥಿ ಮಿತ್ರರೆ, ಚರಿತ್ರೆಯ ಸಂಶೋಧನೆಗೆ ದೂರ ಹೋಗಬೇಕಾಗಿಲ್ಲ. ನಿಮ್ಮ ಮನೆಯ ಹಳೆಯ ಕತ್ತಿ, ನೇಗಿಲ ಗುಳ, ಕಂಚಿನ ಕೊಪ್ಪರಿಗೆ ಇವುಗಳನ್ನು ತಿರುವಿ ನೋಡಿ. ಗುರುತಿದ್ದರೆ ಬರೆದುಕೊಳ್ಳಿ. ಅದನ್ನು ಮಾಡಿದ ಆಚಾರಿ ಯಾವ ಊರಿನವನೆಂದು ಅಜ್ಜನನ್ನು ಇಂದೇ ಕೇಳಿ. ಅಜ್ಜನ ನೆನಪು ಕಬ್ಬಿಣದಷ್ಟು ಕಾಲ ಬಾಳುವುದಿಲ್ಲ.