ಬಾಗಲಕೋಟೆ ವಿಭಾಗದ ಸಾರಿಗೆ ನೌಕರರ ವಿವಾದ

ಬಾಗಲಕೋಟೆ ವಿಭಾಗದ ಸಾರಿಗೆ ನೌಕರರ ವಿವಾದ ಎಂಬುದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಾಗಲಕೋಟೆ ವಿಭಾಗದ ಚಾಲಕರು, ನಿರ್ವಾಹಕರು ಮತ್ತು ತಾಂತ್ರಿಕ ಸಿಬ್ಬಂದಿ, ಅವರನ್ನು ಪ್ರತಿನಿಧಿಸುವ ಕಾರ್ಮಿಕ ಸಂಘಗಳು ಹಾಗೂ ಸಂಸ್ಥೆಯ ಆಡಳಿತದ ನಡುವೆ ವೇತನ, ದುಡಿಮೆಯ ಅವಧಿ ಮತ್ತು ಸೇವಾ ಸ್ಥಾನಮಾನ ಕುರಿತು ನಡೆದುಬಂದಿರುವ ತಿಕ್ಕಾಟವಾಗಿದೆ. ಇದು ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳಿಗೆ ಸಮಾನವಾದ ವಿವಾದದ ಒಂದು ಭಾಗ. ೨೦೨೧ರ ಏಪ್ರಿಲ್ ೭ರಿಂದ ೨೧ರವರೆಗೆ ನಡೆದ ಮುಷ್ಕರದಲ್ಲಿ ಇದು ಅತ್ಯಂತ ತೀವ್ರ ಸ್ವರೂಪವನ್ನು ಪಡೆಯಿತು. ಆ ದಿನಗಳಲ್ಲಿ ಕರ್ತವ್ಯದಲ್ಲಿದ್ದ ಚಾಲಕರೊಬ್ಬರು ಬಾಗಲಕೋಟೆ ಜಿಲ್ಲೆಯಲ್ಲಿ ಕಲ್ಲೇಟಿಗೆ ಬಲಿಯಾದರು.

ಹಿನ್ನೆಲೆ

ಇಂದಿನ ಬಾಗಲಕೋಟೆ ಜಿಲ್ಲೆಯ ಪ್ರದೇಶವು ರಾಜ್ಯ ಪುನರ್ವಿಂಗಡಣೆಗೆ ಮುನ್ನ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. ಆದುದರಿಂದ ಇಲ್ಲಿನ ಸರ್ಕಾರಿ ಬಸ್ಸುಗಳ ಇತಿಹಾಸ ಮೈಸೂರಿನದಲ್ಲ, ಮುಂಬಯಿಯದು. ಹಳೆಯ ತಲೆಮಾರಿನವರು ಬಹುಕಾಲ ಅವನ್ನು ‘ಎಸ್.ಟಿ. ಗಾಡಿ’ ಎಂದೇ ಕರೆಯುತ್ತಿದ್ದರು. ೧೯೬೧ರಲ್ಲಿ ಸಾರಿಗೆ ಇಲಾಖೆಯು ನಿಗಮವಾಗಿ ಮಾರ್ಪಟ್ಟಿತು. ೧೯೯೭ರ ಆಗಸ್ಟ್ ೧೫ರಂದು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಅದೇ ವರ್ಷದ ನವೆಂಬರ್ ೧ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ವಾಯವ್ಯ ಸಾರಿಗೆ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್, ಜಮಖಂಡಿ, ಮುಧೋಳ ಮೊದಲಾದ ಕಡೆಗಳಲ್ಲಿ ಸಂಸ್ಥೆಯ ಘಟಕಗಳಿವೆ. ‘ಡಿಪೋ’ ಎಂಬುದೇ ಜನಬಳಕೆಯ ಮಾತು.

ಮಾಲೀಕ ಯಾರು ಎಂಬ ಪ್ರಶ್ನೆ

ವಿವಾದದ ಬೇರು ೧೯೫೦ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯಲ್ಲಿಯೇ ಇದೆ. ಆ ಕಾಯಿದೆಯ ೨೨ನೆಯ ಪ್ರಕರಣದಂತೆ ನಿಗಮವು ವ್ಯಾಪಾರಿ ತತ್ತ್ವಗಳಿಗೆ ಅನುಗುಣವಾಗಿ ನಡೆಯಬೇಕು. ೩೪ನೆಯ ಪ್ರಕರಣವಾದರೋ ನೇಮಕಾತಿ, ಸೇವಾ ಷರತ್ತು ಮತ್ತು ವೇತನದ ವಿಷಯದಲ್ಲಿಯೂ ನಿಗಮಕ್ಕೆ ನಿರ್ದೇಶನ ನೀಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಪ್ರಯಾಣದರ ಏರಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು. ವಿದ್ಯಾರ್ಥಿ ಪಾಸು ಮುಂತಾದ ರಿಯಾಯಿತಿಗಳನ್ನು ಘೋಷಿಸುವುದೂ ಸರ್ಕಾರವೇ. ನಷ್ಟವಾದಾಗ ಮಾತ್ರ ಅದು ನಿಗಮದ ನಷ್ಟವೆನಿಸುತ್ತದೆ. ನೌಕರನು ವೇತನ ಕೇಳಿದರೆ ಆಡಳಿತವು ಸರ್ಕಾರದತ್ತ ಕೈ ತೋರುತ್ತದೆ. ಸರ್ಕಾರವನ್ನು ಕೇಳಿದರೆ ‘ನೀವು ನಿಗಮದ ನೌಕರರು’ ಎಂಬ ಉತ್ತರ ಬರುತ್ತದೆ.

ಸರ್ಕಾರಿ ನೌಕರರ ವೇತನವು ವೇತನ ಆಯೋಗದ ಶಿಫಾರಸಿನಂತೆ ಪರಿಷ್ಕರಣೆಯಾಗುತ್ತದೆ. ಸಾರಿಗೆ ನೌಕರರದು ನಾಲ್ಕು ವರ್ಷಗಳಿಗೊಮ್ಮೆ ಸಂಘಗಳೊಡನೆ ಚೌಕಾಸಿ ನಡೆದು ತೀರ್ಮಾನವಾಗುವ ಪದ್ಧತಿ. ೨೦೧೬ರ ಜುಲೈ ೨೫ರಿಂದ ೨೭ರವರೆಗೆ ನಡೆದ ರಾಜ್ಯವ್ಯಾಪಿ ಮುಷ್ಕರದಲ್ಲಿ ಸಂಘಗಳು ಶೇ. ೩೫ರಷ್ಟು ಹೆಚ್ಚಳವನ್ನು ಕೇಳಿದವು, ದೊರೆತದ್ದು ಶೇ. ೧೨.೫. ಹೀಗೆ ಒಂದೇ ಊರಿನ ಶಾಲಾ ಶಿಕ್ಷಕನ ಸಂಬಳವೂ ಬಸ್ ಚಾಲಕನ ಸಂಬಳವೂ ವರ್ಷದಿಂದ ವರ್ಷಕ್ಕೆ ದೂರವಾಗುತ್ತ ಹೋದವು. ಸರ್ಕಾರಿ ವೇತನ ಪಡೆದವರಿಗೆ ಈ ಅಂತರ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಘಟಕ ಮಟ್ಟದ ಅಸಮಾಧಾನ

ಮುಷ್ಕರದ ಸುದ್ದಿಗಳಲ್ಲಿ ವೇತನದ ಅಂಕಿಗಳೇ ಮುಂದೆ ಬರುತ್ತವೆಯಾದರೂ ಡಿಪೋ ಅಂಗಳದಲ್ಲಿ ನಿತ್ಯ ಕೇಳಿಬರುವ ದೂರುಗಳು ಬೇರೆ ಬಗೆಯವು. ಅವುಗಳಲ್ಲಿ ಮುಖ್ಯವಾದದ್ದು ‘ಫಾರಂ ೪’. ಒಂದು ಅನುಸೂಚಿಯ ಬಸ್ಸು ಎಲ್ಲಿಂದ ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಹೊತ್ತಿಗೆ ತಲುಪಬೇಕು, ಸಿಬ್ಬಂದಿಗೆ ಎಷ್ಟು ವಿಶ್ರಾಂತಿ ಎಂಬುದನ್ನು ನಿಗದಿಪಡಿಸುವ ಪಟ್ಟಿಯಿದು. ರಸ್ತೆಯ ಸ್ಥಿತಿ, ಹೆಚ್ಚಿದ ನಿಲುಗಡೆಗಳು ಮತ್ತು ಜನಸಂದಣಿಯನ್ನು ಗಣಿಸದೆ ಹಳೆಯ ಸಮಯವನ್ನೇ ಉಳಿಸಿಕೊಂಡರೆ ಚಾಲಕನು ವೇಗ ಹೆಚ್ಚಿಸಬೇಕು, ಇಲ್ಲವೇ ತನ್ನ ಊಟದ ಹೊತ್ತನ್ನು ಬಿಡಬೇಕು. ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆಗಳ ದುಡಿಮೆಯನ್ನು ಮಿತಿಯಾಗಿಟ್ಟಿತ್ತು. ದೂರದ ಮಾರ್ಗಗಳಿಗೆ ಮಾತ್ರ ಸ್ವಲ್ಪ ಸಡಿಲಿಕೆಯಿತ್ತು. ಲೆಕ್ಕಕ್ಕೆ ಹಿಡಿಯುವ ಗಂಟೆಗಳಿಗೂ ಸಿಬ್ಬಂದಿ ಮನೆಯಿಂದ ಹೊರಗಿರುವ ಗಂಟೆಗಳಿಗೂ ಇರುವ ಅಂತರವೇ ಜಗಳದ ಮೂಲ.

ವಸ್ತಿ ಬಸ್ಸು ಇದಕ್ಕೆ ಒಳ್ಳೆಯ ಉದಾಹರಣೆ. ರಾತ್ರಿ ಕೊನೆಯ ಹಳ್ಳಿಯಲ್ಲಿ ತಂಗಿ, ಬೆಳಗಿನ ಜಾವ ಸಂತೆಗೆ ಹೋಗುವವರನ್ನೂ ಕಾಲೇಜು ಮಕ್ಕಳನ್ನೂ ಪಟ್ಟಣಕ್ಕೆ ಕರೆತರುವ ಈ ಬಸ್ಸು ಹಳ್ಳಿಗರ ಪಾಲಿಗೆ ದೊಡ್ಡ ಆಸರೆ. ಅದರ ಚಾಲಕ ಮತ್ತು ನಿರ್ವಾಹಕರು ಮಲಗುವುದು ಮಾತ್ರ ಬಸ್ಸಿನ ಸೀಟಿನ ಮೇಲೆ, ಗುಡಿಯ ಕಟ್ಟೆಯ ಮೇಲೆ, ಊರವರ ಒಲವಿದ್ದರೆ ಯಾವುದಾದರೂ ಪಡಸಾಲೆಯಲ್ಲಿ. ಇದರೊಂದಿಗೆ ಡೀಸೆಲ್ ಉಳಿತಾಯದ ಗುರಿ, ದಿನದ ಆದಾಯದ ಗುರಿ, ಟಿಕೆಟ್ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಅಮಾನತು, ರಜೆ ಮಂಜೂರಾತಿಯಲ್ಲಿ ತಾರತಮ್ಯ ಎಂಬ ದೂರುಗಳೂ ಸೇರುತ್ತವೆ. ಬಾದಾಮಿಯ ಬನಶಂಕರಿ ಜಾತ್ರೆಯಂಥ ಸಂದರ್ಭಗಳಲ್ಲಿ ಹೆಚ್ಚುವರಿ ಬಸ್ಸುಗಳು ಓಡುವುದರಿಂದ ರಜೆಯ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಆಡಳಿತದ ಕಡೆಯ ಮಾತನ್ನೂ ಹೇಳಬೇಕು: ಸಿಬ್ಬಂದಿ ಕೊರತೆಯಿರುವಾಗ ಬಸ್ಸು ನಿಂತರೆ ಹಳ್ಳಿಯವರ ಆಕ್ರೋಶಕ್ಕೆ ಮೊದಲು ಗುರಿಯಾಗುವವನು ಘಟಕ ವ್ಯವಸ್ಥಾಪಕನೇ. ಅವನಿಗೆ ವೇತನ ಹೆಚ್ಚಿಸುವ ಅಧಿಕಾರವಿಲ್ಲ, ಹೊಸಬರನ್ನು ನೇಮಿಸಿಕೊಳ್ಳುವ ಅಧಿಕಾರವೂ ಇಲ್ಲ.

ಸಂಘಗಳು ಮತ್ತು ಕೂಟ

ದಶಕಗಳ ಕಾಲ ನೌಕರರ ಪರವಾಗಿ ಮಾತುಕತೆ ನಡೆಸಿದ್ದು ಕೇಂದ್ರ ಕಾರ್ಮಿಕ ಸಂಘಟನೆಗಳೊಡನೆ ಗುರುತಿಸಿಕೊಂಡ ಸಂಘಗಳು. ಅವುಗಳಲ್ಲಿ ಎ.ಐ.ಟಿ.ಯು.ಸಿ.ಗೆ ಸೇರಿದ, ಎಚ್.ವಿ. ಅನಂತಸುಬ್ಬರಾವ್ ಅವರ ನಾಯಕತ್ವದ ಫೆಡರೇಷನ್ ಪ್ರಮುಖವಾದದ್ದು. ೨೦೨೦ರ ವೇಳೆಗೆ ಈ ಸಂಘಗಳ ಚೌಕಾಸಿಯ ಮಾರ್ಗದಲ್ಲಿ ನಂಬಿಕೆ ಕಳೆದುಕೊಂಡ ನೌಕರರು, ಅದರಲ್ಲೂ ಯುವಕರು, ಸಾರಿಗೆ ನೌಕರರ ಕೂಟದ ಸುತ್ತ ಸೇರಿದರು. ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್ ಅದರ ಗೌರವಾಧ್ಯಕ್ಷರಾಗಿದ್ದರು. ಹಳೆಯ ಸಂಘಗಳು ಮುಂದಿನ ವೇತನ ಒಪ್ಪಂದವನ್ನು ಕೇಳುತ್ತಿದ್ದರೆ, ಕೂಟವು ಒಪ್ಪಂದದ ಪದ್ಧತಿಯನ್ನೇ ಬಿಟ್ಟು ತಮ್ಮನ್ನು ಸರ್ಕಾರಿ ನೌಕರರನ್ನಾಗಿ ಮಾಡಬೇಕೆಂದು ಕೇಳಿತು.

ಈ ಬೇಡಿಕೆಗೆ ಪ್ರೇರಣೆ ನೆರೆರಾಜ್ಯದಿಂದ ಬಂದಿತ್ತು. ಆಂಧ್ರಪ್ರದೇಶವು ೨೦೨೦ರ ಜನವರಿ ೧ರಿಂದ ತನ್ನ ಸಾರಿಗೆ ನಿಗಮದ ನೌಕರರನ್ನು ಸರ್ಕಾರದಲ್ಲಿ ವಿಲೀನಗೊಳಿಸಿತು. ಅದಕ್ಕೂ ಮುನ್ನ ತೆಲಂಗಾಣದಲ್ಲಿ ಇದೇ ಬೇಡಿಕೆಗಾಗಿ ೨೦೧೯ರ ಅಕ್ಟೋಬರ್ ೫ರಿಂದ ೫೨ ದಿನ ಮುಷ್ಕರ ನಡೆದು, ಅದು ಫಲ ನೀಡದೆ ಮುಗಿದಿತ್ತು. ಕರ್ನಾಟಕದ ನೌಕರರು ಆಂಧ್ರವನ್ನು ತೋರಿಸಿದರು, ಸರ್ಕಾರ ತನ್ನ ಬೊಕ್ಕಸವನ್ನು ತೋರಿಸಿತು.

೨೦೨೦ರ ಡಿಸೆಂಬರ್‌ನಲ್ಲಿ ನಾಲ್ಕು ದಿನ ಬಸ್ಸುಗಳು ನಿಂತವು. ೧೪ರಂದು, ಹತ್ತು ಬೇಡಿಕೆಗಳಲ್ಲಿ ಒಂಬತ್ತರ ಬಗ್ಗೆ ಸರ್ಕಾರ ಭರವಸೆ ನೀಡಿದ ಮೇಲೆ ಮುಷ್ಕರ ನಿಂತಿತು. ಸರ್ಕಾರಿ ನೌಕರರೆಂದು ಪರಿಗಣಿಸುವ ಬೇಡಿಕೆಯನ್ನು ಮಾತ್ರ ಒಪ್ಪಲಿಲ್ಲ. ಆರನೆಯ ವೇತನ ಆಯೋಗದ ವೇತನವನ್ನು ಕೊಡುತ್ತೇವೆಂದು ಹೇಳಿದ್ದೋ, ಪರಿಶೀಲಿಸುತ್ತೇವೆಂದು ಹೇಳಿದ್ದೋ ಎಂಬುದೇ ಮುಂದಿನ ಜಗಳಕ್ಕೆ ನೆಲೆಯಾಯಿತು.

೨೦೨೧ರ ಮುಷ್ಕರ

೨೦೨೧ರ ಏಪ್ರಿಲ್ ೭ರಂದು ಕೂಟದ ಕರೆಯಂತೆ ಮುಷ್ಕರ ಆರಂಭವಾಯಿತು. ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿದ್ದರು, ಸಾರಿಗೆ ಖಾತೆ ಉಪಮುಖ್ಯಮಂತ್ರಿ ಲಕ್ಷ್ಮಣ ಸವದಿಯವರಲ್ಲಿತ್ತು. ಸರ್ಕಾರ ಶೇ. ೮ರ ಹೆಚ್ಚಳಕ್ಕೆ ಸಿದ್ಧವೆಂದಿತು, ಕೂಟ ಒಪ್ಪಲಿಲ್ಲ. ಕೆಲಸವಿಲ್ಲದಿದ್ದರೆ ವೇತನವಿಲ್ಲ ಎಂಬ ನಿಯಮವನ್ನು ಜಾರಿಗೊಳಿಸಲಾಯಿತು. ತರಬೇತಿ ಅವಧಿಯ ನೌಕರರನ್ನು ವಜಾಗೊಳಿಸಲಾಯಿತು, ಅನೇಕರನ್ನು ದೂರದ ಘಟಕಗಳಿಗೆ ವರ್ಗಾಯಿಸಲಾಯಿತು, ವಸತಿಗೃಹ ತೆರವುಗೊಳಿಸುವಂತೆ ನೋಟಿಸು ಹೊರಡಿಸಲಾಯಿತು. ಖಾಸಗಿ ವಾಹನಗಳಿಗೆ ಬಸ್ ನಿಲ್ದಾಣದೊಳಗಿನಿಂದಲೇ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಅವಕಾಶ ನೀಡಲಾಯಿತು. ಯುಗಾದಿಯ ಹಿಂದಿನ ದಿನ ನೌಕರರ ಕುಟುಂಬದವರು ತಟ್ಟೆ ಬಡಿದು ಪ್ರತಿಭಟಿಸಿದರು.

ದಿನಗಳು ಕಳೆದಂತೆ ಡಿಪೋಗಳಲ್ಲಿ ಬಿರುಕು ಮೂಡಿತು. ನಿವೃತ್ತಿಗೆ ಹತ್ತಿರವಾದವರಿಗೆ, ವಜಾಗೊಂಡರೆ ಉಪಧನವೂ ಹೋದೀತೆಂಬ ಭಯವಿತ್ತು. ಅಂಥ ಕೆಲವರು ಕರ್ತವ್ಯಕ್ಕೆ ಮರಳಿದರು. ಮುಷ್ಕರದಲ್ಲಿದ್ದವರ ಕಣ್ಣಿಗೆ ಅದು ದ್ರೋಹವಾಗಿ ಕಂಡಿತು. ಏಪ್ರಿಲ್ ೧೬ರಂದು ವಿಜಯಪುರದಿಂದ ಜಮಖಂಡಿಗೆ ಹಿಂದಿರುಗುತ್ತಿದ್ದ ಬಸ್ಸಿನ ಮೇಲೆ ಜಮಖಂಡಿ ತಾಲ್ಲೂಕಿನ ಕವಟಗಿ ಗ್ರಾಮದ ಬಳಿ ಕಲ್ಲು ತೂರಲಾಯಿತು. ಪೆಟ್ಟು ತಿಂದ ಚಾಲಕರು ಬದುಕಲಿಲ್ಲ. ಅವರ ವಯಸ್ಸು ೫೯; ನಿವೃತ್ತಿ ಹತ್ತಿರದಲ್ಲಿತ್ತು. ವೇತನಕ್ಕಾಗಿ ಆರಂಭವಾದ ಹೋರಾಟದಲ್ಲಿ ಪ್ರಾಣ ತೆತ್ತದ್ದು ಮಂತ್ರಿಯೂ ಅಲ್ಲ, ಅಧಿಕಾರಿಯೂ ಅಲ್ಲ, ಅದೇ ಖಾಕಿ ಸಮವಸ್ತ್ರದವರೊಬ್ಬರು ಎಂಬುದು ಈ ಜಿಲ್ಲೆಯವರ ನೆನಪಿನಿಂದ ಅಳಿಯುವಂಥದ್ದಲ್ಲ.

ಅಷ್ಟರಲ್ಲಿ ಕೋವಿಡ್ ಎರಡನೆಯ ಅಲೆ ಏರುತ್ತಿತ್ತು. ಮುಷ್ಕರಕ್ಕೆ ಇದು ಕಾಲವಲ್ಲವೆಂದು ಉಚ್ಚ ನ್ಯಾಯಾಲಯ ಹೇಳಿದ ಮೇಲೆ ೨೧ರಂದು ಕೂಟವು ಮುಷ್ಕರವನ್ನು ಕೈಬಿಟ್ಟಿತು. ಆರನೆಯ ವೇತನ ಆಯೋಗದ ವೇತನ ದೊರೆಯಲಿಲ್ಲ.

ಜಿಲ್ಲೆಯ ಮೇಲಾದ ಪರಿಣಾಮ

ಬಸ್ಸು ನಿಂತರೆ ಎಲ್ಲ ತಾಲ್ಲೂಕುಗಳಿಗೂ ಒಂದೇ ಪ್ರಮಾಣದ ತೊಂದರೆಯಾಗುವುದಿಲ್ಲ. ಬಾಗಲಕೋಟೆ ಮತ್ತು ಬಾದಾಮಿ ಗದಗ–ಹೊಟಗಿ ರೈಲು ಮಾರ್ಗದಲ್ಲಿವೆ. ಹುನಗುಂದ ಮತ್ತು ಇಳಕಲ್‌ಗೆ ರೈಲಿಲ್ಲ. ರಾಷ್ಟ್ರೀಯ ಹೆದ್ದಾರಿ ೫೦ರ ಮೇಲೆ ಹೋಗುವ ಖಾಸಗಿ ಬಸ್ಸುಗಳು ದೂರದ ಊರುಗಳಿಗೆ ಹೋಗುವವರಿಗೆ ಒದಗಬಹುದು, ಆದರೆ ಒಳಹಳ್ಳಿಗಳಿಂದ ಬರುವವರಿಗೆ ಟಂಟಂ, ಕ್ರೂಸರ್‌ಗಳೇ ಗತಿ. ಅವುಗಳಲ್ಲಿ ಪಾಸು ನಡೆಯುವುದಿಲ್ಲ. ಪಾಸಿನ ಆಧಾರದ ಮೇಲೆ ಕಾಲೇಜು ಸೇರಿದ ಹಳ್ಳಿಯ ವಿದ್ಯಾರ್ಥಿನಿಯರಿಗೆ, ಮುಷ್ಕರವೆಂದರೆ ಅಷ್ಟು ದಿನ ಪಾಠವಿಲ್ಲವೆಂದೇ ಅರ್ಥ. ೨೦೨೧ರಲ್ಲಿ ರಾಜ್ಯದ ಕೆಲವು ವಿಶ್ವವಿದ್ಯಾಲಯಗಳು ಪರೀಕ್ಷೆಗಳನ್ನೇ ಮುಂದೂಡಬೇಕಾಯಿತು.

ನಂತರದ ಬೆಳವಣಿಗೆಗಳು

ವಜಾಗೊಂಡವರಲ್ಲಿ ಹಲವರನ್ನು ಮುಂದೆ ಹಂತಹಂತವಾಗಿ ಮರಳಿ ಸೇರಿಸಿಕೊಳ್ಳಲಾಯಿತು. ೨೦೨೩ರ ಮಾರ್ಚ್‌ನಲ್ಲಿ ಮತ್ತೊಂದು ಮುಷ್ಕರದ ಸಿದ್ಧತೆ ನಡೆದಾಗ ಸರ್ಕಾರ ಮೂಲವೇತನದಲ್ಲಿ ಶೇ. ೧೫ರ ಹೆಚ್ಚಳವನ್ನು ಆದೇಶಿಸಿತು. ಆದರೆ ಹಿಂದಿನ ಪರಿಷ್ಕರಣೆಯ ಅವಧಿ ೨೦೧೯ರ ಕೊನೆಗೇ ಮುಗಿದಿದ್ದುದರಿಂದ, ೨೦೨೦ರ ಜನವರಿಯಿಂದ ೨೦೨೩ರ ಫೆಬ್ರವರಿವರೆಗಿನ ೩೮ ತಿಂಗಳ ಹಿಂಬಾಕಿಯ ಪ್ರಶ್ನೆ ಉಳಿಯಿತು. ಅದೇ ವರ್ಷದ ಜೂನ್ ೧೧ರಂದು ಮಹಿಳೆಯರಿಗೆ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಆರಂಭವಾಗಿ ಬಸ್ಸುಗಳು ತುಂಬಿ ತುಳುಕಿದವು. ನಿರ್ವಾಹಕರ ದುಡಿಮೆ ಹೆಚ್ಚಿತು.

ಹಿಂಬಾಕಿಗಾಗಿಯೂ ೨೦೨೪ರ ಜನವರಿಯಿಂದ ಅನ್ವಯವಾಗಬೇಕಿದ್ದ ಹೊಸ ಪರಿಷ್ಕರಣೆಗಾಗಿಯೂ ಸಂಘಗಳ ಜಂಟಿ ಕ್ರಿಯಾ ಸಮಿತಿಯು ೨೦೨೫ರ ಆಗಸ್ಟ್ ೫ರಂದು ಮುಷ್ಕರ ಹೂಡಿತು. ಹಿಂದಿನ ದಿನವೇ ಉಚ್ಚ ನ್ಯಾಯಾಲಯ ತಡೆ ನೀಡಿತ್ತು. ಬೆಳಿಗ್ಗೆ ಬಸ್ಸುಗಳು ಡಿಪೋದಿಂದ ಹೊರಬರಲಿಲ್ಲ. ನ್ಯಾಯಾಲಯ ಕಟುವಾಗಿ ಎಚ್ಚರಿಸಿದ ಬಳಿಕ ಅದೇ ದಿನ ಮುಷ್ಕರವನ್ನು ಹಿಂಪಡೆಯಲಾಯಿತು.